ಗಂಡುಮೇಷ್ಟ್ರಿಗೆ ಸಿಕ್ಕ ಪಿರಿಯಡ್

ಆ ಹೈಸ್ಕೂಲಿನಲ್ಲಿ ಇವರೊಬ್ಬರನ್ನು ಬಿಟ್ಟರೆ ಪಾಠ ಮಾಡುವವರೆಲ್ಲ ಹೆಂಗಸರು. ಹಾಗಾಗಿ ಮಕ್ಕಳಿಗೂ, ಟೀಚರುಗಳಿಗೂ, ಗೇಟು ಕಾಯುವವನಿಗೂ ಅವರು ಗಂಡುಮೇಷ್ಟ್ರು. ಕೆಲಸಕ್ಕೆ ಸೇರಿದ್ದು ಭೌತಶಾಸ್ತ್ರ ಹೇಳಿಕೊಡಲು. ಸೇರಿದ ವಾರವೇ ಬೀರು ಸರಿಸಲು ಒಬ್ಬರು ಬೇಕಾದರು. ಆಮೇಲೆ ಮುರಿದ ಬೆಂಚು, ಕಟ್ಟಿಕೊಂಡ ಪೈಪು, ಗೋಡೆ ಹಾರುವ ಹುಡುಗರು, ಪುಸ್ತಕ ತರುವ ಲಾರಿ. ಎಲ್ಲದಕ್ಕೂ, "ಸರ್, ನೀವು ಗಂಡಸರಲ್ವಾ, ಸ್ವಲ್ಪ ನೋಡಿ." ನೋಡಿ ನೋಡಿಯೇ ತಲೆ ಬೆಳ್ಳಗಾಯಿತು. ಅವರ ಪಿರಿಯಡ್ಡುಗಳು ಒಂದೊಂದಾಗಿ ಬೇರೆಯವರ ಪಾಲಾದವು.

ಪ್ರತಿ ವರ್ಷ ಶಾಲೆ ಶುರುವಾಗುವಾಗ ಹೆಡ್‌ಮೇಡಂ ಮುಂದೆ ಹೋಗಿ ನಿಲ್ಲುತ್ತಿದ್ದರು.

"ಮೇಡಂ, ಈ ಸಲನಾದ್ರೂ ಹತ್ತನೇ ಕ್ಲಾಸಿಗೆ ಫಿಸಿಕ್ಸ್ ಕೊಡಿ."

"ಮುಂದಿನ ವರ್ಷ ನೋಡೋಣ ಸರ್. ನೀವು ಪಾಠಕ್ಕೆ ಹೋದ್ರೆ ಹೊರಗಿನ ಕೆಲಸ ಯಾರು ನೋಡ್ಕೋತಾರೆ?"

ಅಲ್ಲಿ ತೆಪ್ಪಗೆ ತಲೆಯಾಡಿಸಿ, ಮನೆಗೆ ಬಂದು ಹೆಂಡತಿಯ ಮುಂದೆ ಎಗರಾಡುತ್ತಿದ್ದರು. "ನನ್ನ ಬಾಳು ಹಾಳು ಮಾಡಿದ್ದೇ ಆ ಹೆಂಗಸು ಕಣೇ! ಒಂದೇ ಒಂದು ಕ್ಲಾಸ್ ಕೊಟ್ಟು ನೋಡ್ಲಿ, ನಾನ್ಯಾರು ಅಂತ ತೋರಿಸ್ತೀನಿ."

"ತೋರಿಸುವಿರಂತೆ, ಊಟ ಆರ್ತಿದೆ, ಮೊದ್ಲು ಬನ್ನಿ," ಎನ್ನುತ್ತಿದ್ದರು ಆಕೆ.

ಹೀಗಿರುವಾಗ ಇಲಾಖೆಯ ಕಣ್ಣು ಪಕ್ಕದ ದೇಶದ ಮೇಲೆ ಬಿತ್ತು. ಅಲ್ಲಿ ಹೈಸ್ಕೂಲು ಶಿಕ್ಷಕರಲ್ಲಿ ಅರ್ಧಕ್ಕರ್ಧ ಗಂಡಸರಂತೆ, ಇಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ. ಪೇಪರಿನವರು ಎರಡೂ ದೇಶದ ಅಂಕಿಗಳನ್ನು ಅಕ್ಕಪಕ್ಕ ಹಾಕಿ ಬಾಯಿ ಬಡಿದುಕೊಂಡರು. ಅಲ್ಲ, ಇರುವ ನಾಲ್ಕು ಜನರ ಕೈಯಲ್ಲಿ ಏನು ಮಾಡಿಸುತ್ತಿದ್ದೀರಿ ಎಂದು ಕೇಳುವ ಪುಣ್ಯಾತ್ಮ ಒಬ್ಬನಾದರೂ ಬೇಡವೇ?

"ಸರ್, ನಿಮ್ಮನ್ನ ಎರಡೆರಡು ಸಲ ಎಣಿಸಿದ್ರೆ ನಾವೂ ಅವರ ಸಮ ಆಗ್ಬಹುದು," ಎಂದು ಗಣಿತದ ಟೀಚರ್ ನಗೆಯಾಡಿದರು.

ಕೊನೆಗೆ ಆದೇಶ ಬಂತು. ಗಂಡು ಶಿಕ್ಷಕರು ತರಗತಿಯಲ್ಲೇ ಕಾಣಿಸಬೇಕು, ಅಧಿಕಾರಿಗಳು ಬಂದು ಕಣ್ಣಾರೆ ನೋಡುತ್ತಾರೆ. ಹೆಡ್‌ಮೇಡಂ ಗಂಡುಮೇಷ್ಟ್ರನ್ನು ಕರೆದು, "ನಾಳೆ ಹತ್ತನೇ ಕ್ಲಾಸ್ ನಿಮಗೇ ಸರ್, ಮಸೂರದ ಪಾಠ. ಚೆನ್ನಾಗಾದ್ರೆ ವರ್ಷಪೂರ್ತಿ ನಿಮ್ಮದೇ," ಎಂದರು. ಗಂಡುಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿ ಅಂಗಿಗೆ ಇಸ್ತ್ರಿ ಹಾಕುತ್ತಾ, "ಒಂದ್ಸಲ ಪುಸ್ತಕ ತಿರುವಿ ಹಾಕ್ರೀ," ಎಂದರೆ ಸಿಡಿದರು. "ಮಸೂರಕ್ಕೆ ಪುಸ್ತಕ ನೋಡ್ಬೇಕಾ ನಾನು?"

ಮರುದಿನ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತರು. ಗಂಡುಮೇಷ್ಟ್ರು ಬೋರ್ಡಿನ ಮೇಲೆ ಮಸೂರ ಬರೆದರು. ಪಕ್ಕದಲ್ಲೇ ಉರಿಯುವ ಮೋಂಬತ್ತಿ ಬರೆದು, ಕಿರಣಗಳನ್ನು ಎಳೆದು, ಆಚೆ ಬದಿಯಲ್ಲಿ ಅದರ ತಲೆಕೆಳಗಾದ ಬಿಂಬ ಮೂಡಿಸಿದರು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ಮೋಂಬತ್ತಿ ಇಷ್ಟು ಹತ್ತಿರ ಇದ್ರೆ ಬಿಂಬ ಈ ಕಡೆನೇ ನೆಟ್ಟಗೆ ಬರ್ಬೇಕಲ್ವಾ?"

ಹೌದಲ್ಲ! ಒರೆಸಿ ಮತ್ತೆ ಎಳೆದರು. ಗೆರೆಗಳು ಕೂಡಲಿಲ್ಲ. ಮತ್ತೆ ಒರೆಸಿದರು. ಒಂದು ಕಾಲಕ್ಕೆ ನಿದ್ದೆಯಲ್ಲೂ ಎಳೆಯುತ್ತಿದ್ದ ಗೆರೆ ಈಗ ಎಲ್ಲಿಂದ ಶುರುವಾಗಬೇಕು ಎಂಬುದೇ ಹೊಳೆಯದು. ಮಕ್ಕಳು ನಕ್ಕಿದ್ದರೆ ಗದರಿಸಬಹುದಿತ್ತು. ಹಾಳಾದವು ನಗಲಿಲ್ಲ, ಪಾಪ ಎನ್ನುವ ಹಾಗೆ ತಲೆ ತಗ್ಗಿಸಿಕೊಂಡವು. ಹುಡುಗಿಯೇ ಮೆಲ್ಲಗೆ, "ಮೊದ್ಲು ನೇರ ಗೆರೆ ಸರ್, ಮಧ್ಯದಿಂದ," ಎಂದಳು.

ಅಷ್ಟರಲ್ಲಿ ಗೇಟು ಕಾಯುವವನು ಬಾಗಿಲಲ್ಲಿ ಇಣುಕಿದ. "ಸರ್, ಬೆಂಚಿನ ಲಾರಿ ಬಂದಿದೆ, ಇಳಿಸೋಕೆ ಕರೀತಿದಾರೆ."

ಸದ್ಯ, ಬದುಕಿದೆ ಅನ್ನಿಸಿತು ಅವರಿಗೆ. ಹಾಗನ್ನಿಸಿದ್ದಕ್ಕೇ ತಮ್ಮ ಮುಖಕ್ಕೆ ತಾವೇ ಉಗಿದುಕೊಳ್ಳುವಷ್ಟು ಅಸಹ್ಯವೂ ಆಯಿತು. ಆದರೂ ಚಾಕ್‌ಪೀಸ್ ಇಟ್ಟು ಹೊರಟೇಬಿಟ್ಟರು.

ಅಧಿಕಾರಿ ಹೋಗುತ್ತಾ ಅವರ ಬೆನ್ನು ತಟ್ಟಿ, "ಭೌತಶಾಸ್ತ್ರ, ಗಂಡಸು, ಒಬ್ಬರು. ನಮಗಿಷ್ಟು ಸಾಕು ಬಿಡಿ," ಎಂದರು.

ಹೆಡ್‌ಮೇಡಂಗೆ ತರಗತಿಯಲ್ಲಿ ನಡೆದದ್ದು ಗೊತ್ತಿರಲಿಲ್ಲ. ಲಾರಿಯ ಹತ್ತಿರ ಬಂದು ಮೊದಲ ಸಲ ಅಕ್ಕರೆಯಿಂದ ಮಾತಾಡಿದರು. "ಸರ್, ಇಷ್ಟು ದಿನ ನಿಮಗೆ ಅನ್ಯಾಯ ಮಾಡಿದೆ. ಟೈಮ್‌ಟೇಬಲ್‌ನಲ್ಲಿ ನಿಮ್ಮ ಹೆಸರೇ ಹಾಕ್ತೀನಿ, ಆಯ್ತಾ?"

"ಬೇಡ ಮೇಡಂ," ಎಂದರು ಗಂಡುಮೇಷ್ಟ್ರು. "ಹೊರಗಡೆ ಕೆಲಸ ಇದೆ."

ಸಂಜೆ ಹೆಂಡತಿ, "ಕೊಟ್ರಾ ಕ್ಲಾಸು?" ಎಂದರೆ ಬೈಯಲು ಬಾಯಿ ತೆರೆದರು. ಬೈಯಲು ಯಾರೂ ಉಳಿದಿರಲಿಲ್ಲ.