ಒಂದನೇ ಕ್ಲಾಸಿನ ಅಮ್ಮ

ಬಿಜೂರಿನ ನಮ್ಮ ನೆರೆಮನೆಯ ಸುಗಂಧಿಯನ್ನು ಕಂಡರೆ, ಒಂದನೇ ಕ್ಲಾಸಿಗೆ ಸೇರಿರುವುದು ಮಗಳು ಶ್ರಾವ್ಯಳೋ ಇವಳೋ ಎಂದು ಯಾರಿಗಾದರೂ ಅನುಮಾನ ಬರಬೇಕು. ಶಾಲೆ ಬಿಡಲು ಅರ್ಧ ಗಂಟೆ ಇರುವಾಗಲೇ ಗೇಟಿನೆದುರು ಹಾಜರು. ಮಗು ಹೊರಗೆ ಬಂದದ್ದೇ ತಡ, "ಇವತ್ತ್ ಎಂತ ಕಲ್ಸಿರ್ ಮಗಾ?" ಎಂದು ವಿಚಾರಣೆ ಶುರು. ಮನೆ ಮುಟ್ಟುವುದರೊಳಗೆ ಕನ್ನಡ, ಗಣಿತ, ಪರಿಸರ, ಇಂಗ್ಲಿಷು ಎಲ್ಲವನ್ನೂ ಒಪ್ಪಿಸಬೇಕು. ಎದುರಾದ ಎರಡು ದನಗಳಿಗೆ ಒಟ್ಟು ಎಷ್ಟು ಕಾಲು, ಬಸ್ಸಿನ ಬೋರ್ಡಿನಲ್ಲಿ ಮೊದಲ ಅಕ್ಷರ ಯಾವುದು ಎಂಬ ಪ್ರಶ್ನೆಗಳೂ ನಡುನಡುವೆ ಬರುತ್ತವೆ. ಮರುದಿನ ಬೆಳಿಗ್ಗೆ ರೇವತಿ ಟೀಚರನ್ನು ಅಡ್ಡಗಟ್ಟಿ, "ಟೀಚರೇ, ನಮ್ ಹೆಣ್ಣ್ ಶಾಲಿಯೊಳ್ಗೆ ಮಾತಾಡತ್ತಾ?" ಎಂದು ಕೇಳುತ್ತಾಳೆ. "ಮಾತಾಡುದ್ ನಿಲ್ಸುಕೇ ಆತಿಲ್ಲೆ ಮರಾಯ್ರೆ!" ಎಂದು ಟೀಚರು ನಕ್ಕರೂ ಸುಗಂಧಿಗೆ ನಂಬಿಕೆಯಿಲ್ಲ, ತರಗತಿಯ ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತೇ ಹೋಗುತ್ತಾಳೆ. ನಾವೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಶ್ರಾವ್ಯಳಿಗೆ ನಾಲ್ಕು ತುಂಬುವವರೆಗೂ ಒಂದು ಮಾತೂ ಬಂದಿರಲಿಲ್ಲವೆಂದೂ, ಆಗ ಸುಗಂಧಿ ದಿನವಿಡೀ ಅವಳೆದುರು ಕೂತು ತಾನೇ ಪ್ರಶ್ನೆ ಕೇಳಿ, ತಾನೇ ಉತ್ತರ ಹೇಳುತ್ತಿದ್ದಳೆಂದೂ ಅವಳ ಅತ್ತೆ ಅಮ್ಮಣ್ಣಿ ಒಮ್ಮೆ ಹೇಳಿದರು. ಆಮೇಲೆ ಯಾರೂ ನಗಲಿಲ್ಲ. ಮೊನ್ನೆ ಶಾಲೆಯಿಂದ ಬರುವಾಗ ನಾನೂ ಜೊತೆಗಿದ್ದೆ. ಶ್ರಾವ್ಯ ನೆಗಡಿಯಾಗಿ ಸೋತಿದ್ದಳು. ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ಸುಗಂಧಿ ಮೂರು ಸಲ ಕೇಳಿದಳು, ನಾಲ್ಕನೆಯ ಸಲ ದಾರಿಯಲ್ಲೇ ಮಗುವಿನೆದುರು ಕೂತು, ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳತೊಡಗಿದಳು. ಮಗು ಅಮ್ಮನ ಮುಖ ನೋಡಿತು, ಅವಳ ಬೆರಳು ಹಿಡಿದುಕೊಂಡಿತು. "ಅಮ್ಮ, ಹೆದರ್‌ಬೇಡ. ನಾ ನಾಳೆಗೂ ಮಾತಾಡ್ತೆ."