ಮಂಡಿ ನೋವು ವಿಚಾರಿಸುವ ಗುಮಾಸ್ತ

ಲಂಚ ಕೇಳುವವರು ಒರಟರಾಗಿರುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬಂಗಾರಪೇಟೆ, ಕೆಜಿಎಫ್ ಸುತ್ತಿನ ಮಹಿಳಾ ಸಂಘಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಕಚೇರಿಯಲ್ಲಿ ಏನು ಕೇಳಬೇಕು, ಯಾವುದಕ್ಕೆ ರಸೀದಿ ಪಡೆಯಬೇಕು, ಲಂಚ ಕೇಳಿದರೆ ಹೇಗೆ ಇಲ್ಲ ಎನ್ನಬೇಕು, ಇವೆಲ್ಲ ಅದರಲ್ಲಿ ಬರುತ್ತವೆ. ಪಾಠಗಳನ್ನು ಬರೆದವಳೂ ನಾನೇ. ಅವುಗಳಲ್ಲಿ ಬರುವ ನೌಕರರೆಲ್ಲ ಗದರಿಸುತ್ತಾರೆ, ಅರ್ಜಿಯನ್ನು ಮೇಜಿನ ಮೇಲೆ ಎಸೆಯುತ್ತಾರೆ. ವಿಶ್ವವಿದ್ಯಾಲಯದಲ್ಲಿ ಓದಿದ ಪುಸ್ತಕಗಳಲ್ಲೂ ಅವರು ಹಾಗೇ ಇದ್ದರು ಎಂದು ನೆನಪು. ಅಥವಾ ನಾನೇ ಹಾಗೆ ಓದಿಕೊಂಡಿದ್ದೆನೋ ಏನೋ.

ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳ ನಡುವಿನ ಸಣ್ಣ ಸಭಾಂಗಣದಲ್ಲಿ ನಡೆದ ಒಂದು ತರಬೇತಿಯ ಕಥೆಯನ್ನು ಆಮೇಲೆ ಹಲವು ಕಡೆ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ಆ ದಿನದ ದಿನಚರಿಯಲ್ಲಿ ಮಾತ್ರ ‘ಅಭಿನಯ ಚೆನ್ನಾಗಿ ಆಯಿತು, ವಿಪರೀತ ಬಿಸಿಲು’ ಎಂದಷ್ಟೇ ಬರೆದಿದ್ದೇನೆ. ಇಲ್ಲಿ ನನಗೆ ಖಾತ್ರಿಯಿರುವುದನ್ನಷ್ಟೇ ಬರೆಯಲು ಪ್ರಯತ್ನಿಸುತ್ತೇನೆ.

ಬಂದವರಲ್ಲಿ ಕ್ಯಾಸಂಬಳ್ಳಿ ಕಡೆಯ ಒಬ್ಬ ಹೆಂಗಸಿದ್ದರು. ಬಂಗಾರಪೇಟೆಯಲ್ಲಿ ಸೊಪ್ಪು ಮಾರುತ್ತಿದ್ದುದರಿಂದ ಎಲ್ಲರಿಗೂ ಸೊಪ್ಪಿನಕ್ಕ. ಗಂಡ ತೀರಿಕೊಂಡ ಮೇಲೆ ವಿಧವಾ ವೇತನಕ್ಕೆ ಅರ್ಜಿ ಹಾಕಲು ಒಂದು ಕಚೇರಿಗೆ ಅಲೆಯುತ್ತಿದ್ದರು. ಅದು ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿನ ಗುಮಾಸ್ತ ‘ಸ್ವಲ್ಪ ನೋಡಿಕೊಳ್ಳಿ’ ಎಂದಿದ್ದ. ಮುಂದಿನ ಸೋಮವಾರ ಅವರು ಮತ್ತೆ ಅವನೆದುರು ನಿಲ್ಲಬೇಕಿತ್ತು. ಕೊಡದೆ ಕೆಲಸ ಮಾಡಿಸಿಕೊಳ್ಳುವುದನ್ನು ಕಲಿಯಲೆಂದೇ ಬಂದಿದ್ದರು.

ಅಭಿನಯದಲ್ಲಿ ನೊಂದವರಿಗೇ ನೌಕರನ ಪಾತ್ರ ಕೊಡುವುದು ನನ್ನ ರೂಢಿ. ಸೊಪ್ಪಿನಕ್ಕ ಗುಮಾಸ್ತರಾದರು. ಅರ್ಜಿದಾರಳಾಗಿ ಲೈನಿನ ಹಿರಿಯಜ್ಜಿ ಎದ್ದರು. ಮನೆಮಾತು ತಮಿಳು, ಎಲ್ಲರ ಬಾಯಲ್ಲೂ ಪಾಟಿ. “ನಂಗೆ ಬಿಡಿ ಮೇಡಂ, ಅವನ ಮೀಸೆ ಇಳಿಸ್ತೀನಿ” ಎಂದು ಸೆರಗು ಸಿಕ್ಕಿಸಿಕೊಂಡು ಬಂದರು.

ಸೊಪ್ಪಿನಕ್ಕನ ಗುಮಾಸ್ತ ಗದರಿಸಲಿಲ್ಲ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

“ಬನ್ನಿ ಅಕ್ಕ, ಕೂತ್ಕೊಳ್ಳಿ. ಬಿಸಿಲಲ್ಲಿ ನಡ್ಕೊಂಡು ಬಂದ್ರಾ? ಮಂಡಿ ನೋವು ಹೇಗಿದೆ ಈಗ? ನೀರು ಕುಡೀರಿ ಮೊದಲು.”

ಪಾಟಿಯ ಮಂಡಿ ನಿಜಕ್ಕೂ ನೋಯುತ್ತಿತ್ತು. “ಐತಪ್ಪ, ಅಂಗೇ ಐತೆ” ಎಂದು ಕುಳಿತರು.

“ನಿಮ್ಮ ಕಷ್ಟ ನನಗೆ ಗೊತ್ತಿಲ್ವಾ ಅಕ್ಕ? ನನಗೇನೂ ಬೇಡ. ಮೇಲಿನವರಿಗೆ ಸ್ವಲ್ಪ ನೋಡ್ಕೊಂಡ್ರೆ ನಾನೇ ಓಡಾಡಿ ಮಾಡಿಸಿಕೊಡ್ತೀನಿ.”

ಪಾಟಿ ಸೊಂಟದ ಸಂಚಿಗೆ ಕೈ ಹಾಕಿಬಿಟ್ಟರು. ಸಭಾಂಗಣ ನಗೆಯಲ್ಲಿ ಮುಳುಗಿತು.

“ಎನ್ನಡಿ ಇದು!” ಪಾಟಿ ತಮ್ಮ ಕೈಯನ್ನೇ ನೋಡಿಕೊಂಡರು. “ಇಂಗೆ ಕೇಳಿದ್ರೆ ಎಂಗಮ್ಮಾ ಇಲ್ಲ ಅನ್ನೋದು?”

“ಎಲ್ಲ ನಾಟಕ ಪಾಟಿ,” ಎಂದಳು ಕಿಟಕಿಯ ಬಳಿ ಕೂತಿದ್ದ ಒಬ್ಬ ಹುಡುಗಿ. “ಕಾಸು ಕೀಳಾಕೆ ಪ್ರೀತಿ ತೋರಿಸ್ತಾನೆ.”

ಸೊಪ್ಪಿನಕ್ಕನ ಮುಖ ಬಿಗಿಯಿತು. “ನಾಟಕ ಅಂತ ನೀನೆಂಗೆ ಏಳ್ತೀಯೇ? ನಮ್ ಯಜಮಾನ್ರು ತೀರ್ಕೊಂಡ್ಮೇಲೆ, ಉಂಡ್ಯಾ ಅಂತ ನನ್ನ ಕೇಳಿದ್ದು ಅವನೊಬ್ನೇ.”

ನನ್ನ ಪಾಠದಲ್ಲಿ ದರ್ಪಕ್ಕೆ ಉತ್ತರವಿತ್ತು, ಇದಕ್ಕಿರಲಿಲ್ಲ. ಆಗ ನಾನು ಏನೋ ಜಾಣ ಮಾತು ಹೇಳಿದೆ ಎಂದು ಕೆಲವು ಕಡೆ ಹೇಳಿಕೊಂಡಿದ್ದೇನೆ. ಹೇಳಿರಲಾರೆ. ಬಹುಶಃ ಟೀ ತರಿಸಿದೆ.

ಟೀ ಕುಡಿಯುತ್ತಾ ಅವರವರೇ ದಾರಿ ಹುಡುಕಿದರು. ಜಗಳ ಬೇಡ. ಅವನು ವಿಚಾರಿಸಿದರೆ ನೀನೂ ಅವನ ಮಕ್ಕಳನ್ನು ವಿಚಾರಿಸು. ಆಮೇಲೆ ಮೆತ್ತಗೆ, ಆದರೆ ನಿಲ್ಲಿಸದೆ, ಹೇಳಬೇಕಾದ್ದು ಹೇಳು. ಸೊಪ್ಪಿನಕ್ಕನ ಎದುರು ಒಬ್ಬೊಬ್ಬರೂ ಗುಮಾಸ್ತರಾಗಿ, ಕುರ್ಚಿ ಎಳೆದುಕೊಟ್ಟು, ನೀರು ಕೊಟ್ಟು ಪರೀಕ್ಷಿಸಿದರು. ಮೊದಮೊದಲು ಅವರ ದನಿ ಅರ್ಧಕ್ಕೇ ನಿಲ್ಲುತ್ತಿತ್ತು. “ಅಳಬ್ಯಾಡ ಕಣೇ, ನಾನು ಪಾಟಿ, ಅವನಲ್ಲ” ಎಂದು ಪಾಟಿ ಕೆನ್ನೆ ಒರೆಸಿದ್ದು ನೆನಪಿದೆ. ಸಂಜೆಯ ಹೊತ್ತಿಗೆ ಮಾತು ಪೂರ್ತಿ ಹೊರಗೆ ಬಂತು.

ಸೋಮವಾರ ನಾನು ಅವರ ಜೊತೆ ಹೋದೆ. ಜೊತೆಗೆ ಹೋದವರು ಬಾಗಿಲಲ್ಲೇ ನಿಲ್ಲಬೇಕು, ಬಾಯಿ ಹಾಕಬಾರದು ಎಂಬುದು ನಾವೇ ಮಾಡಿಕೊಂಡ ನಿಯಮ. ಗುಮಾಸ್ತ ಎದ್ದು ಕುರ್ಚಿ ಕೊಟ್ಟ. ನಾನಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸಿನವನು. ಸೊಪ್ಪಿನಕ್ಕ ಅವನ ಮಕ್ಕಳನ್ನು ವಿಚಾರಿಸಿದರು. ಆಮೇಲೆ ನನಗೆ ಸ್ಪಷ್ಟವಾಗಿ ಕೇಳಿಸಿತು.

“ನಾನು ಏನೂ ಕೊಡಾಕಿಲ್ಲಪ್ಪ. ಅರ್ಜಿ ತಕ್ಕೊಂಡು ರಸೀದಿ ಕೊಡು. ನಿನ್ನ ಮ್ಯಾಲೆ ಕ್ವಾಪ ಇಲ್ಲ.”

ಅವನು ಬಾಗಿಲ ಕಡೆ ನೋಡಿದ. ಅರ್ಜಿ ತೆಗೆದುಕೊಂಡು ಮೊಹರು ಒತ್ತಿ ರಸೀದಿ ಕೊಟ್ಟ. “ಹೊರಡಿ, ಹಿಂದೆ ಜನ ನಿಂತಿದಾರೆ” ಎಂದ.

ಹೊರಗೆ ಬಂದ ಮೇಲೆ ನಾನು ಖುಷಿಯಿಂದ ಅವರ ಕೈ ಹಿಡಿದೆ. “ಅಕ್ಕ ಅನ್ನಲಿಲ್ಲ, ಗಮನಿಸಿದ್ರಾ?” ಎಂದರು.

ಕೆಲವು ತಿಂಗಳಾದ ಮೇಲೆ ಬಂಗಾರಪೇಟೆಯಲ್ಲಿ ರೈಲಿಳಿದು ಮಾರುಕಟ್ಟೆಗೆ ಹೋದೆ. ವೇತನ ಬರತೊಡಗಿತ್ತು. ಸೊಪ್ಪಿನಕ್ಕ ದೊಡ್ಡಪತ್ರೆಯ ಕಟ್ಟುಗಳಿಗೆ ನೀರು ಚಿಮುಕಿಸುತ್ತಾ, ಇನ್ನೊಬ್ಬಳ ಅರ್ಜಿಗೆ ಜೊತೆಯಾಗಿ ತಾವೇ ಆ ಕಚೇರಿಗೆ ಹೋಗಿದ್ದನ್ನು ಹೇಳಿದರು. ಅವನು ತಕರಾರಿಲ್ಲದೆ ರಸೀದಿ ಕೊಟ್ಟನಂತೆ.

“ನನ್ನ ಮಖ ನೋಡಾಕಿಲ್ಲ ಮೇಡಂ. ಏನ್ರೀ ಅಂತಾನೆ. ಕೆಮ್ತಾ ಇದ್ದ, ಪಾಪ. ಎಲ್ಡು ಕಟ್ಟು ದೊಡ್ಡಪತ್ರೆ ಕೊಟ್ರೆ ಅದೂ ಲಂಚ ಆಗ್ತೈತಾ?”

ಕೆಲಸ ಆದ ಮೇಲೆ ಕೊಟ್ಟರೂ ಲಂಚವೇ ಎಂದು ನನ್ನ ಪಾಠದಲ್ಲಿತ್ತು. “ಬೇಡಕ್ಕ, ಈಗ ಬೇಡ. ಇನ್ನೂ ಎಷ್ಟೋ ಜನರ ಅರ್ಜಿ ಅವನ ಹತ್ರ ಇದೆ” ಎಂದೆ.

“ಅಲ್ಲೀಗಂಟ ಅವನ ಕೆಮ್ಮು ಕಾಯ್ತೈತಾ?” ನಕ್ಕು, ಕಟ್ಟನ್ನು ಮತ್ತೆ ಬುಟ್ಟಿಯಲ್ಲಿಟ್ಟರು. “ಓಗ್ಲಿ ಬಿಡಿ. ಅವನ ಎಂಡ್ರು ಸೊಪ್ಪು ಕೊಳ್ಳಾಕೆ ಇಲ್ಲಿಗೇ ಬತ್ತಾಳೆ. ಕೊಂಡಿದ್ರ ಮ್ಯಾಲೆ ಇದ್ನ ಕೊಸರು ಆಕ್ತೀನಿ. ಕೊಂಡೋರಿಗೆಲ್ಲ ಕೊಸರು ಆಕ್ತೀನಿ, ಅದ್ಕೆ ನಿಮ್ ಪಾಠ ಬರಾಕಿಲ್ಲ.”

ಅದಕ್ಕೆ ನಾನು ಏನೂ ಹೇಳಲಿಲ್ಲ. ಹೇಳಿದ್ದೆ ಎಂದು ಮುಂದೆ ಯಾವತ್ತಾದರೂ ನನಗೆ ನೆನಪಾದರೆ, ಅದು ನಾನೇ ಸೇರಿಸಿಕೊಂಡದ್ದು.