ಪಾರಿವಾಳ ಹಾರಿಸುತ್ತಿದ್ದ ದೇವೀಂದ್ರಪ್ಪ

ಓದುವವರು ಮೊದಲೇ ಕ್ಷಮಿಸಬೇಕು. ನನ್ನ ಅಕ್ಷರ ದುಂಡಗಿಲ್ಲ. ಸಾಲು ನೆಟ್ಟಗೆ ಹೊರಟು ಕೊನೆಗೆ ಕೆಳಗಿಳಿಯುತ್ತದೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತು ಬರುವುದಿಲ್ಲ. ನಮ್ಮ ಅಜ್ಜಿ ಅಂಬಮ್ಮ ತನ್ನ ಅಪ್ಪನ ಬಗ್ಗೆ ಹೇಳಿದ್ದನ್ನು ಕೇಳಿ, ಸಂಶಯ ಬಂದಲ್ಲಿ ಮತ್ತೆ ಕೇಳಿ, ಬರುವ ಮಾತಿನಲ್ಲೇ ಬರೆದಿದ್ದೇನೆ.

ಆಗ ಕಲಬುರ್ಗಿ ನಿಜಾಮರ ರಾಜ್ಯದಲ್ಲಿತ್ತು. ಅಲ್ಲಿಯ ಜಗತ್ ಎಂಬ ಪೇಟೆಯ ಕಡೆ ಒಂದು ಓಣಿಯಲ್ಲಿ ದೇವೀಂದ್ರಪ್ಪನ ಕಿರಾಣಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ಮನೆಯ ಮೇಲೆ ಮಣ್ಣಿನ ಮಾಳಿಗೆ. ಓಣಿ ಏಳುವ ಮೊದಲೇ ಅವನು ಬಾವಿಯ ನೀರು ಸುರಿದುಕೊಂಡು, ಹಣೆಗೂ ತೋಳಿಗೂ ವಿಭೂತಿ ಬಳಿದು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದ. ಅದು ಮುಗಿಯುವ ತನಕ ಮಾತಿಲ್ಲ, ಗುಟುಕು ನೀರೂ ಇಲ್ಲ. ಮನೆಗೆ ಬೆಂಕಿ ಬಿದ್ದರೂ ದೇವೀಂದ್ರಪ್ಪ ಕೈಸನ್ನೆಯಲ್ಲೇ ಹೇಳುವವ ಎಂದು ನೆರೆಯವರು ನಗುತ್ತಿದ್ದರು.

ಪೂಜೆ ಮುಗಿದದ್ದೇ ತಡ, ಏಣಿ ಹತ್ತಿ ಮಾಳಿಗೆಗೆ. ಅಲ್ಲಿ ಪಾರಿವಾಳಗಳಿದ್ದವು. ಬಿಳಿಯವು, ಬೂದಿ ಬಣ್ಣದವು, ಕಾಲಿಗೆ ಗೆಜ್ಜೆ ಕಟ್ಟಿದಂತೆ ಗರಿ ಇದ್ದವು. ಗೂಡಿನ ಬಾಗಿಲು ತೆರೆದು, ಉದ್ದನೆಯ ಬಿದಿರಿನ ಗಳ ಬೀಸಿ ಅವನ್ನು ಮೇಲಕ್ಕೆಬ್ಬಿಸುವುದು, ಸಾಕೆನಿಸಿದಾಗ ಜೋಳ ಚೆಲ್ಲಿ ಸಿಳ್ಳು ಹಾಕಿ ಇಳಿಸುವುದು ಅವನ ಹುಚ್ಚು. ಇದನ್ನು ಕಲಿಸಿದವನು ಕಮಲಾಪುರದ ಗುಲಾಮ್ ರಸೂಲ್. ಅಲ್ಲಿಯ ಕೆಂಪು ಬಾಳೆಹಣ್ಣನ್ನು ಗಾಡಿಯಲ್ಲಿ ತಂದು ಪೇಟೆಗೆ ಹಾಕಿ, ದೇವೀಂದ್ರಪ್ಪನ ಕಟ್ಟೆಯ ಮೇಲೆ ಕೂತು ಬೀಡಿ ಸೇದಿ ಹೋಗುವ ಮನುಷ್ಯ.

ಹೆಂಡತಿ ಭಾಗಮ್ಮ ಕೆಳಗಿನಿಂದ ಕೂಗುತ್ತಿದ್ದಳು: “ಲಿಂಗಕ್ಕ ಒಂದು ತಾಸು, ಕಬೂತರಕ್ಕ ಎರಡು ತಾಸು. ಗಿರಾಕಿಗಿ ಯಾವಾಗ್ರೀ?”

“ಗಿರಾಕಿ ಉಪ್ಪು ತೀರಿದ್ರ ತಾನೇ ಬರ್ತಾನ. ಇವುಕ್ಕ ಹಾದಿ ಯಾರು ತೋರಸ್ಬೇಕು?”

ಗಳದ ತುದಿಗೆ ಒಂದು ಬಟ್ಟೆ ಬೇಕು, ಬಟ್ಟೆ ಬೀಸಿದರೇ ಹಕ್ಕಿ ಏಳುವುದು. ಮನೆಯಲ್ಲಿ ಮಠದ ಅಯ್ಯನವರು ಹೊದ್ದು ಹರಿದ ಕಾವಿ ಬಟ್ಟೆಯ ತುಂಡೊಂದಿತ್ತು. ಬಿಸಿ ಗಡಿಗೆ ಇಳಿಸಲು ಭಾಗಮ್ಮ ಅದನ್ನು ಕೇಳಿದಾಗ ದೇವೀಂದ್ರಪ್ಪ ಕೊಡಲಿಲ್ಲ. “ಗುರುವಿನ ಬಟ್ಟಿ ಒಲಿಗಿ, ಕಾಲಿಗಿ ತಾಕಬಾರದು. ಮ್ಯಾಲ ಹಾರಲಿ,” ಎಂದು ಗಳಕ್ಕೆ ಕಟ್ಟಿದ. ತಪ್ಪು ಮಾಡಿದೆನೆಂದು ಅವನಿಗೆ ಅನಿಸಿರಲಿಲ್ಲ.

ನಲವತ್ತೆಂಟನೆಯ ಇಸವಿಯ ಮಳೆಗಾಲಕ್ಕೆ ಊರಿನ ಸದ್ದೇ ಬದಲಾಗಿತ್ತು. ನಿಜಾಮರ ಪರ ನಿಂತ ರಜಾಕಾರರು ಕೋವಿ, ಭರ್ಚಿ ಹಿಡಿದು ಕವಾಯತು ಹೊರಟರೆ ಅಂಗಡಿಗಳ ಬಾಗಿಲು ಅರ್ಧಕ್ಕೆ ಬೀಳುತ್ತಿದ್ದವು. ಸೊಲ್ಲಾಪುರದ ಕಡೆ ಗಡಿ ದಾಟಿದವರ ಮನೆಗಳಿಗೆ ಬೀಗ ಬಿದ್ದಿತ್ತು. ಅಂಬಮ್ಮನಿಗೆ ಆಗ ಹನ್ನೊಂದು ವರ್ಷ. ಬೂಟಿನ ಸದ್ದು ಕೇಳಿದೊಡನೆ ಉಸಿರು ಹಿಡಿಯುವುದನ್ನು ಅವಳು ತಾನೇ ಕಲಿತಿದ್ದಳು. ಸದ್ದು ಓಣಿ ದಾಟಿದ ಮೇಲೂ ಉಸಿರು ಬಿಡಲು ಮರೆತು ಕೆಮ್ಮುತ್ತಿದ್ದಳು.

“ನನ್ನ ತವರಿಗಿ ಹೋಗೂಣು,” ಎಂದಳು ಭಾಗಮ್ಮ.

“ಕಮಲಾಪುರದಾಗ ರಜಾಕಾರರು ಇಲ್ಲೇನು?”

“ಇದ್ದಾರ. ನಮ್ಮಣ್ಣನೂ ಇದ್ದಾನ.”

ಅಂಗಡಿಗೆ ಬೀಗ ಹಾಕಿ, ಹಕ್ಕಿಗಳನ್ನು ಬುಟ್ಟಿಯಲ್ಲಿ ಮುಚ್ಚಿ, ಗಳವನ್ನು ಗಾಡಿಯ ಪಕ್ಕಕ್ಕೆ ಬಿಗಿದು ಅವರು ಕಮಲಾಪುರಕ್ಕೆ ಬಂದರು. ಇಳಿದದ್ದು ಬಾಳೆಯ ತೋಟವಿದ್ದ ಭಾಗಮ್ಮನ ಅಣ್ಣ ದೌಲಪ್ಪನ ಮನೆಯಲ್ಲಿ. ಗುಲಾಮ್ ರಸೂಲನ ಮನೆ ಹಿಂದಿನ ಓಣಿಯಲ್ಲೇ. ಹೊಸ ಮಾಳಿಗೆ ಒಗ್ಗುವ ತನಕ ಹಕ್ಕಿಗಳ ಗರಿಗೆ ದಾರ ಕಟ್ಟಿಟ್ಟು, ಒಗ್ಗಿದ ಮೇಲೆ ಬಿಚ್ಚಿದ ದೇವೀಂದ್ರಪ್ಪ ಅಲ್ಲಿಯೂ ದಿನಾ ಹಾರಿಸತೊಡಗಿದ. ಅಪ್ಪ ಮಾಳಿಗೆಯ ಮೇಲಿದ್ದಷ್ಟು ಹೊತ್ತು ಮಾತ್ರ ಅಂಬಮ್ಮನಿಗೆ ಹೆದರಿಕೆ ಸ್ವಲ್ಪ ದೂರ ಹೋಗುತ್ತಿತ್ತು.

ಭಾದ್ರಪದದ ಒಂದು ಬೆಳಿಗ್ಗೆ ಹಕ್ಕಿಗಳು ಮೇಲಿದ್ದಾಗ ಆಕಾಶ ಗುಡುಗಿತು. ಮೋಡದ ಗುಡುಗಲ್ಲ, ವಿಮಾನ. ಹಿಂದೂಸ್ತಾನದ ಫೌಜು ಗಡಿ ದಾಟಿದೆ ಎಂಬ ಸುದ್ದಿ ಹಿಂದಿನ ದಿನವೇ ಊರಲ್ಲಿ ಪಿಸುಗುಟ್ಟಿತ್ತು. ಹಕ್ಕಿಗಳು ಬೆದರಿ ಚದುರಿ, ಕೆಲವು ಊರ ಹುಣಸೆಮರದಲ್ಲಿ ಹೋಗಿ ಕೂತವು. ಮರದಲ್ಲಿ ಕೂತ ಪಾರಿವಾಳ ಗಿಡುಗಕ್ಕೆ ತುತ್ತು. ದೇವೀಂದ್ರಪ್ಪ ಬೇರೇನೂ ಯೋಚಿಸದೆ ಗಳವನ್ನೆತ್ತಿ, ಮರದ ಕಡೆಗೆ ತಿರುಗಿ, ಅವು ಏಳಲೆಂದು ಜೋರಾಗಿ ಬೀಸಿದ. ಮೇಲೆ ವಿಮಾನ, ಕೆಳಗೆ ಕಾವಿ ಬಟ್ಟೆ.

ಬೀದಿಯಲ್ಲಿ ಯಾರೋ ಅಂದರು: “ಇಮಾನಕ್ಕ ನಿಶಾನಿ ತೋರಸ್ಲತ್ತಾನ.”

ಅಂಗಳದಲ್ಲಿದ್ದ ಅಂಬಮ್ಮನಿಗೆ ಅದು ಕೇಳಿಸಿತು. ಅವ್ವನಿಗೂ ಕೇಳಿಸಿತು. ಭಾಗಮ್ಮ ಗಂಡನನ್ನು ಕೆಳಗಿಳಿಸಿ, ಗಳದ ಬಟ್ಟೆ ಬಿಚ್ಚಿ ಒಲೆಯ ಕಡೆ ಹೊರಟಳು. ದೇವೀಂದ್ರಪ್ಪ ಅಡ್ಡ ನಿಂತ.

“ಅದನ್ನ ಸುಡಬ್ಯಾಡ.”

“ನಿಮ್ಮನ್ನ ಸುಡ್ತಾರ್ರೀ.”

“ಗುರುವಿನ ಬಟ್ಟಿ ಒಲಿಗಿ ಹಾಕಿ ನಾ ಉಳಿಯೂದು ಬ್ಯಾಡ.”

ದೌಲಪ್ಪ ತೋಟಕ್ಕೆ ಹೋಗಿದ್ದ, ವಾದಕ್ಕೆ ಹೊತ್ತಿರಲಿಲ್ಲ. ಭಾಗಮ್ಮ ಮಗಳನ್ನು ಎಳೆದು, ಲಂಗದ ಕೆಳಗೆ ಅವಳ ನಡುವಿಗೆ ಆ ಬಟ್ಟೆ ಸುತ್ತಿದಳು. “ಅಲುಗ್ಯಾಡಬ್ಯಾಡ. ಮಾತಾಡಬ್ಯಾಡ,” ಎಂದಳು. ಬಾಗಿಲನ್ನು ಯಾರೂ ಬಡಿಯಲಿಲ್ಲ, ನೂಕಿಯೇ ತೆರೆದರು.

ಬಂದ ರಜಾಕಾರರ ಮುಂದಾಳು ಊರಿನವನಲ್ಲ. ಗೋಡೆಗಾನಿಸಿದ ಗಳವನ್ನು ನೋಡಿ, “ಝಂಡಾ ಹಾರಿಸಿದ್ದು ಯಾರು?” ಎಂದ.

“ಝಂಡಾ ಅಲ್ರೀ. ಕಬೂತರ ಎಬ್ಬಿಸೋ ಗಳ,” ಎಂದ ದೇವೀಂದ್ರಪ್ಪ.

“ಅದಕ್ಕಿದ್ದ ಕಪಡಾ ಎಲ್ಲಿ?”

ದೇವೀಂದ್ರಪ್ಪ ಹೆಂಡತಿಯ ಕಡೆ ನೋಡಿದ. ಅಂಬಮ್ಮನಿಗೆ ತನ್ನ ನಡುವಿನ ಬಟ್ಟೆ ಸಡಿಲಾದಂತೆ, ಕಾಲ ಮೇಲೆ ಇಳಿಯುತ್ತಿರುವಂತೆ ಅನಿಸಿತು. ತೊಡೆಗಳನ್ನು ಬಿಗಿಹಿಡಿದು ನಿಂತಳು. ಅಪ್ಪ ಸುಳ್ಳು ಹೇಳುವವನಲ್ಲ. ಅದೇ ಅವಳ ದೊಡ್ಡ ಹೆದರಿಕೆಯಾಗಿತ್ತು. ಇನ್ನೊಮ್ಮೆ ಕೇಳಿದರೆ ಹೇಳಿಬಿಡುತ್ತಾನೆ, ಹೇಳಿದರೆ ಕರೆದೊಯ್ಯುತ್ತಾರೆ.

ಅಷ್ಟರಲ್ಲಿ ಗುಲಾಮ್ ರಸೂಲ್ ಬರಿಗಾಲಲ್ಲಿ ಓಡಿಬಂದ. ಸುದ್ದಿ ಅವನ ಓಣಿಗೂ ಮುಟ್ಟಿತ್ತು. “ಸಾಬ್, ಇಂವ ನನ್ನ ಶಾಗಿರ್ದ. ಗಳಕ್ಕ ಬಟ್ಟಿ ಕಟ್ಟೂದು ಕಲಿಸ್ದಂವ ನಾನೇ. ದೇವೀಂದ್ರಪ್ಪ, ಬಟ್ಟಿ ತಂದು ತೋರ್ಸು, ಮುಗೀತದ,” ಎಂದ. ಅದನ್ನು ಬಚ್ಚಿಟ್ಟದ್ದು ಪಾಪ ಅವನಿಗೆ ಗೊತ್ತಿರಲಿಲ್ಲ.

“ಮಗಳ ನಡುವಿಗದ,” ಎಂದ ದೇವೀಂದ್ರಪ್ಪ.

ಭಾಗಮ್ಮ ಕಣ್ಣು ಮುಚ್ಚಿದಳು. ಅಂಬಮ್ಮ ಗೋಡೆಗೆ ತಿರುಗಿ, ಗಂಟು ಬಿಚ್ಚಿ ಬಟ್ಟೆಯನ್ನು ಕೊಟ್ಟಳು.

“ನಿಶಾನಿ ಅಲ್ಲ ಅಂದ್ರ ಬಚ್ಚಿಟ್ಟದ್ದು ಯಾಕ?” ಮುಂದಾಳು ಅವಳನ್ನೇ ಕೇಳಿದ.

“ಅಂಜಿಕಿ ಬಂತ್ರಿ,” ಎಂದಳು ಅಂಬಮ್ಮ.

ಗುಲಾಮ್ ರಸೂಲ್ ಬಟ್ಟೆಯನ್ನು ಬೆಳಕಿಗೆ ಹಿಡಿದ. “ನೋಡ್ರಿ ಸಾಬ್, ಎಷ್ಟು ಕಬೂತರದ ಹಿಕ್ಕಿ. ನಿಶಾನಿ ತೋರಸಾಂವ ಜರಾ ಒಗದ್ರೇ ತೋರಸ್ತಿದ್ದ.” ಹಿಂದೆ ನಿಂತವರಲ್ಲೊಬ್ಬ ನಕ್ಕ. ಗುಲಾಮ್ ರಸೂಲ್ ನಗಲಿಲ್ಲ. “ಇಂವಗ ನಾ ಜಾಮೀನು. ನಾಳಿ ಏನರೆ ಆದ್ರ ನನ್ನ ಕುತ್ತಿಗಿ ಹಿಡೀರಿ.”

ಮುಂದಾಳು ಗಳವನ್ನು ಮೆಟ್ಟಿಲಿಗಿಟ್ಟು ಬೂಟಿನಿಂದ ಮುರಿದ. ಗೂಡಿಗೆ ಮರಳಿದ್ದ ಹಕ್ಕಿಗಳನ್ನು ಬುಟ್ಟಿಗೆ ತುಂಬಿಸಿದ. “ಜಾಮೀನು ಬ್ಯಾಡ, ಬುಟ್ಟಿ ನೀನೇ ಹೊತ್ಕೊಂಡು ನಡಿ,” ಎಂದ. ಗುಲಾಮ್ ರಸೂಲ್ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ರಜಾಕಾರರ ಜೊತೆ ಬೀದಿ ದಾಟಿ ಹೋದದ್ದನ್ನು ಊರೆಲ್ಲ ಕಿಂಡಿಗಳಿಂದ ನೋಡಿತು. ಸಂಜೆಗೆ ಅವನೊಬ್ಬನೇ ಬರಿಗೈಯಲ್ಲಿ ಮರಳಿದ. ಅವನು ಯಾಕೆ ಬುಟ್ಟಿ ಹೊತ್ತಿದ್ದ ಎಂಬುದು ಮಾತ್ರ ಈ ಮನೆಯವರಿಗಷ್ಟೇ ಗೊತ್ತಿತ್ತು.

ಆಮೇಲೆ ದಿನಗಳು ಓಡಿದವು. ಹುಮನಾಬಾದ್ ರಸ್ತೆಯಲ್ಲಿ ಫೌಜಿನ ಲಾರಿಗಳು ಕಂಡವು, ರಜಾಕಾರರು ಎತ್ತ ಹೋದರೋ ಹೋದರು, ಮನೆಗಳ ಮೇಲೆ ಮೂರು ಬಣ್ಣದ ಬಾವುಟ ಬಂತು. ಹೆದರಿಕೆ ಹೋಗಲಿಲ್ಲ, ಓಣಿ ಬದಲಿಸಿತು. ಈಗ ಸಾಬರ ಓಣಿಯ ಬಾಗಿಲುಗಳು ಮುಚ್ಚಿದವು. ಸುತ್ತಲ ಹಳ್ಳಿಗಳಿಂದ ಕೊಡಲಿ, ಬಡಿಗೆ ಹಿಡಿದವರು ತಿರುಗತೊಡಗಿದರು. ರಜಾಕಾರರ ಬುಟ್ಟಿ ಹೊತ್ತವನು ಎಂದು ಗುಲಾಮ್ ರಸೂಲನ ಹೆಸರು ಅವರ ಬಾಯಿಗೆ ಬಂತು.

ದೇವೀಂದ್ರಪ್ಪ ಚಾವಡಿಗೆ ಹೋಗಿ ನಡೆದದ್ದು ಹೇಳಿದ. “ನೀವು ಸಾದಾ ಮನುಷ್ಯಾರು, ನಿಮಗ ತಿಳಿಯಂಗಿಲ್ಲ ಶರಣ್ರೀ,” ಎಂದು ಅಲ್ಲಿ ಕೂತಿದ್ದ ಊರ ಹಿರಿಯರು ಕಳಿಸಿದರು. ಅವನು ಮನೆಗೆ ಮರಳಿದ. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ, ತಂಬಿಗೆ, ತಟ್ಟೆ, ಬಿಲ್ವಪತ್ರೆ ಎಲ್ಲ ಎತ್ತಿಕೊಂಡು ಬಾಗಿಲ ಕಡೆ ನಡೆದ.

“ಎಲ್ಲಿಗ್ರೀ?”

“ಪೂಜಿ ಅಲ್ಲಿ ಮಾಡ್ಕೋತೀನಿ. ಗುಲಾಮನ ಬಾಗಲಾಗ.”

“ಸಾಬರ ಹೊಸ್ತಿಲ ಮ್ಯಾಲ ಕುಂತು ಲಿಂಗ ತಗೀತೀರಿ?”

“ಲಿಂಗ ಇರೂದು ಅಂಗೈಯಾಗ. ಹೊಸ್ತಿಲಾಗಲ್ಲ.”

ನೀರಿನ ಕೊಡ ಹಿಡಿದು ಅಂಬಮ್ಮನೂ ಹೋಗಬೇಕಾಯಿತು. ಒಳಗೆ ಗುಲಾಮ್ ರಸೂಲನೂ ಅವನ ಹೆಂಡತಿ ಶಾಹಜಾದಿಯೂ ಬಾಗಿಲಿಗೆ ಕಲ್ಲು ಒತ್ತಿಟ್ಟು ಕೂತಿದ್ದರು. ದೇವೀಂದ್ರಪ್ಪ ಹೊಸ್ತಿಲಿಗೆ ಅಡ್ಡಲಾಗಿ ಮಣೆ ಹಾಕಿ ಕೂತ. ಬಿಸಿಲು ಗೋಡೆಗೆ ಬರುವಷ್ಟರಲ್ಲಿ ಅವರು ಬಂದರು. ಬಹಳ ಜನ. ಕೊಡಲಿಯ ಅಲಗನ್ನು ಅಂಬಮ್ಮ ಕಣ್ಣೆತ್ತಿ ನೋಡಲಿಲ್ಲ, ನೆಲದ ಮೇಲಿನ ಅದರ ನೆರಳು ಕಂಡಳು.

“ಶರಣ್ರೀ, ಜರಾ ಸರೀರಿ,” ಎಂದ ಒಬ್ಬ.

ಪೂಜೆಯಲ್ಲಿ ಮಾತಿಲ್ಲ. ಲಿಂಗ ಕೈಯಲ್ಲಿದ್ದವನನ್ನು ಮುಟ್ಟಿ ಸರಿಸಲು ಯಾರಿಗೂ ಧೈರ್ಯ ಬರಲಿಲ್ಲ.

“ಮುಗೀಲಿ, ನಿಂದ್ರೂಣು,” ಎಂದ ಇನ್ನೊಬ್ಬ.

ದೇವೀಂದ್ರಪ್ಪ ಒಂದೊಂದೇ ಪತ್ರೆ ಏರಿಸುತ್ತಿದ್ದ. ನಿಧಾನವಾಗಿ ಏರಿಸಿದರೂ ತಟ್ಟೆಯ ರಾಶಿ ಇಳಿಯುತ್ತಲೇ ಇತ್ತು. ಪತ್ರೆ ತೀರಿದರೆ ಪೂಜೆ ತೀರಿತು, ಪೂಜೆ ತೀರಿದರೆ ಅಪ್ಪ ಏಳಬೇಕು, ಇಲ್ಲವೇ ಕೊಡಲಿಗೆ ಅಡ್ಡ ಬೀಳಬೇಕು. ಅವನು ಏಳುವವನಲ್ಲ ಎಂದು ಅಂಬಮ್ಮನಿಗೆ ಗೊತ್ತಿತ್ತು. ಬಿಲ್ವದ ಗಿಡ ಊರಾಚೆ, ಆ ಜನರ ನಡುವೆ ಹಾದು ಹೋಗಬೇಕು. ಅವಳು ಕೊಡದ ಪಕ್ಕದಲ್ಲೇ ಉಳಿದಳು.

ಕೊನೆಯ ಪತ್ರೆಯೂ ಏರಿತು. ಅಪ್ಪ ಕಣ್ಣು ತೆರೆಯದೆ ಅವಳ ಕಡೆ ಕೈ ಚಾಚಿದ. ಆ ಕೈ ನಡುಗುತ್ತಿತ್ತು. ಅಪ್ಪನಿಗೂ ಅಂಜಿಕೆ ಇದೆ ಎಂದು ಅವಳಿಗೆ ಆಗಲೇ ತಿಳಿದದ್ದು. ತಿಳಿದೊಡನೆ ಅಪ್ಪನೇ ಯಾವಾಗಲೋ ಹೇಳಿದ ಮಾತು ನೆನಪಾಯಿತು. ಹೂವು ಬಾಡಿದರೆ ಮುಗಿಯಿತು, ಬಿಲ್ವಪತ್ರೆಗೆ ಹಳತೆಂಬುದಿಲ್ಲ, ಏರಿಸಿದ್ದನ್ನು ತೊಳೆದು ಮತ್ತೆ ಏರಿಸಬಹುದು. ಅವಳು ಕೆಳಗೆ ಬಿದ್ದ ಎಲೆಯೊಂದನ್ನು ಆರಿಸಿ, ಕೊಡದ ನೀರಲ್ಲಿ ತೊಳೆದು ಅಪ್ಪನ ಬೆರಳಿಗಿಟ್ಟಳು. ಆಮೇಲೆ ಇನ್ನೊಂದು.

ನಿಂತವರಲ್ಲಿ ಹಿರಿಯನೊಬ್ಬ ಬಹಳ ಹೊತ್ತು ನೋಡಿದ. “ಇದು ಮುಗಿಯೂ ಪೂಜಿ ಅಲ್ಲೋ,” ಎಂದ. “ಈ ಹುಡುಗಿ ಮುಗಸಗೊಡಂಗಿಲ್ಲ.” ಅವನು ಬಡಿಗೆ ಹೆಗಲಿಗೇರಿಸಿ ಹೊರಟ. ಒಬ್ಬೊಬ್ಬರೇ ಗೊಣಗುತ್ತ ಅವನ ಹಿಂದೆ ಹೋದರು. ಕೊಡಲಿಯವನು ಕೊನೆಗೆ ಹೋದ.

ಆದರೂ ದೇವೀಂದ್ರಪ್ಪ ಏಳಲಿಲ್ಲ. ನೆರಳು ತಿರುಗುವ ತನಕ ಅವನು ಏರಿಸಿದ, ಅವಳು ತೊಳೆದಳು. ಒಳಗಿನ ಕಲ್ಲು ಸರಿದು ಶಾಹಜಾದಿ ಬಾಗಿಲು ಇಷ್ಟೇ ತೆರೆದಾಗ ಅವನಿಗೆ ನಿಲ್ಲಲು ಬರಲಿಲ್ಲ. ಕಾಲು ಜೋಮು ಹಿಡಿದಿತ್ತು. ಗುಲಾಮ್ ರಸೂಲ್ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ.

“ನಾಳಿನೂ ಬರ್ತೀಯೇನು?” ಎಂದು ಕೇಳಿದ ಅವನು.

“ಪೂಜಿ ದಿನಾ ಇರ್ತದಲ್ಲ,” ಎಂದ ದೇವೀಂದ್ರಪ್ಪ.

ಊರು ತಣ್ಣಗಾಗುವ ತನಕ ಅವನು ದಿನಾ ಹೋದ. ಅಂಬಮ್ಮನೂ ದಿನಾ ಹೋದಳು. ಹೆದರಿಕೆ ಒಂದು ದಿನವೂ ಕಡಿಮೆಯಾಗಲಿಲ್ಲ ಎಂದು ಅಜ್ಜಿ ಹೇಳುತ್ತಾಳೆ. ಅದನ್ನು ಬದಲಿಸದೆ ಹಾಗೇ ಬರೆದಿದ್ದೇನೆ. ಮುಂದೆ ಅವರು ಕಲಬುರ್ಗಿಗೆ ಮರಳಿ ಅಂಗಡಿ ತೆರೆದರು. ದೇವೀಂದ್ರಪ್ಪ ಮತ್ತೆ ಹಕ್ಕಿ ಸಾಕಲಿಲ್ಲ. ಹೊತ್ತು ಕಳೆಯಲು ಕಟ್ಟೆಯ ಮೇಲೆ ಕೂತು ದಾರ ಹೊಸೆಯುತ್ತಿದ್ದ. ತೀರುವ ತನಕ ಬೆಳಗಿನ ಪೂಜೆ ತಪ್ಪಿಸಲಿಲ್ಲ.

ಗುಲಾಮ್ ರಸೂಲ್ ಮತ್ತು ಶಾಹಜಾದಿಯ ಮೊಮ್ಮಕ್ಕಳು ಈಗಲೂ ಕಮಲಾಪುರದಲ್ಲೇ ಇದ್ದಾರೆ. ನಾನು ಇದನ್ನೆಲ್ಲ ಇನ್ನೊಮ್ಮೆ ನೆಟ್ಟಗಿನ ಸಾಲಿನಲ್ಲಿ ಬರೆದು, ಬರುವ ಭಾನುವಾರ ಬಸ್ಸಿಗೆ ಹೋಗಿ ಅವರ ಮನೆಯಲ್ಲಿ ಓದುತ್ತೇನೆ. ಅವರು ಬೇಡ ಎಂದ ಮಾತಿದ್ದರೆ ಅಲ್ಲೇ ಕೂತು ಹೊಡೆದುಹಾಕುತ್ತೇನೆ.